ಮಕ್ಕಳನ್ನು ಅವರಷ್ಟಕ್ಕೇ ಆಟಕ್ಕೆ ಕಳುಹಿಸುವ ಮುನ್ನ
(ಜುಮಾ ಖುತ್ಬಾದ ಸಾರಾಂಶ)

ಅಲ್ಲಾಹನನ್ನು ಭಯಪಡಿರೆಂದು ಮೊದಲು ನನಗೂ ಬಳಿಕ ನಿಮಗೂ ಉಪದೇಶಿಸುತ್ತೇನೆ.

ಈದ್ ಮುಗಿದ ಮರುದಿನ ಅಥವಾ ಶಾಲೆಗೆ ರಜೆ ಸಿಕ್ಕ ಕೂಡಲೇ ನಮ್ಮ ಮನೆಗಳಲ್ಲಿ ಒಂದು ಬೇಡಿಕೆ ಏಳುತ್ತದೆ. ಹದಿನೈದು, ಹದಿನಾರರ ಹುಡುಗರು ಈದಿಯ ಹಣ ಕೂಡಿಸಿಟ್ಟು, "ಅಬ್ಬಾ, ಗೆಳೆಯರೆಲ್ಲ ಬಿಡದಿಯ ವಂಡರ್‌ಲಾಗೆ ಹೋಗ್ತಿದ್ದೇವೆ, ದೊಡ್ಡವರು ಯಾರೂ ಬೇಡ" ಎನ್ನುತ್ತಾರೆ. ಕೆಲವು ತಂದೆಯರು ಮಾತು ಮುಗಿಯುವ ಮೊದಲೇ ಗದರಿಸುತ್ತಾರೆ. ಕೆಲವರು ಹಣ ಕೊಟ್ಟು ಮರೆತುಬಿಡುತ್ತಾರೆ. ಮಕ್ಕಳು ಅಲ್ಲಾಹನ ಅಮಾನತ್. ಗದರಿಸಿದರೆ ಆಗಲಿ, ಮರೆತರೆ ಆಗಲಿ, ಆ ಅಮಾನತ್ತಿನ ಹಕ್ಕು ತೀರುವುದಿಲ್ಲ.

ಕುರ್‌ಆನಿನ ಸೂರಃ ಯೂಸುಫ್ ಇಂಥದೇ ಒಂದು ಬೇಡಿಕೆಯನ್ನು ನಮ್ಮ ಮುಂದಿಡುತ್ತದೆ. ತಮ್ಮನನ್ನು ನಾಳೆ ನಮ್ಮೊಡನೆ ಕಳುಹಿಸಿ, ತಿಂದು ಆಡಿ ಬರಲಿ, ನಾವು ಕಾಯುತ್ತೇವೆ ಎಂದು ಅಣ್ಣಂದಿರು ಕೇಳಿದರು. ಯಅ್‌ಕೂಬ್(ಅ) ಆಟವನ್ನು ತಪ್ಪೆನ್ನಲಿಲ್ಲ. ನೀವು ಮೈಮರೆತಾಗ ತೋಳ ತಿಂದೀತು ಎಂಬ ಅಳುಕನ್ನು ಮಾತ್ರ ಹೇಳಿಕೊಂಡರು. ಆದರೆ ಅಪಾಯ ತೋಳದಿಂದ ಬರಲಿಲ್ಲ, ಕಾಯುತ್ತೇವೆಂದು ಮಾತು ಕೊಟ್ಟ ಜೊತೆಗಾರರಿಂದಲೇ ಬಂತು. ನಾವೂ ಎತ್ತರದ ರೈಡ್ ಕಂಡು ಹೆದರುತ್ತೇವೆ, ಮಗ ಯಾರ ಜೊತೆ ಹೋಗುತ್ತಿದ್ದಾನೆ ಎಂದು ವಿಚಾರಿಸುವುದಿಲ್ಲ. ಆ ಗೆಳೆಯರ ಹೆಸರು, ಮನೆ, ಅವರ ತಂದೆ-ತಾಯಿ ನಮಗೆ ಗೊತ್ತೇ?

ಮುಂದೆ ಕಿರಿಯ ಮಗನನ್ನು ಕಳುಹಿಸಬೇಕಾದಾಗ ಯಅ್‌ಕೂಬ್(ಅ) ಅಲ್ಲಾಹನ ಹೆಸರಿನಲ್ಲಿ ವಾಗ್ದಾನ ಪಡೆದರು, ಯಾವ ಬಾಗಿಲುಗಳಿಂದ ಊರು ಹೊಗಬೇಕೆಂದೂ ಹೇಳಿದರು. ಕಾಪಾಡುವವನು ಅಲ್ಲಾಹನೇ ಎಂಬ ಭರವಸೆ ಇತ್ತು, ಏರ್ಪಾಡೂ ಇತ್ತು. ತವಕ್ಕುಲ್ ಎಂದರೆ ಇದೇ.

ಹಾಗಾದರೆ ಯಾವ ವಯಸ್ಸಿಗೆ ಬಿಡಬೇಕು? ಅನಾಥರ ಸೊತ್ತನ್ನು ಒಪ್ಪಿಸುವ ಮೊದಲು ಅವರನ್ನು ಪರೀಕ್ಷಿಸಿ, ವಿವೇಕ ಕಂಡ ಬಳಿಕ ಒಪ್ಪಿಸಬೇಕೆಂದು ಸೂರಃ ಅನ್ನಿಸಾದಲ್ಲಿ ಆದೇಶವಿದೆ. ಸೊತ್ತಿಗೇ ಹೀಗಾದರೆ ಸ್ವಾತಂತ್ರ್ಯಕ್ಕೆ? ಮೊದಲು ಪೇಟೆಗೆ ಕಳುಹಿಸಿ, ಆಮೇಲೆ ಪಕ್ಕದ ಊರಿಗೆ. ಹೇಳಿದ ಹೊತ್ತಿಗೆ ಬಂದನೇ, ಲೆಕ್ಕ ಸರಿ ಹೇಳಿದನೇ ನೋಡಿ. ಇಬ್ನು ಉಮರ್(ರ) ಅವರಿಗೆ 14ನೇ ವಯಸ್ಸಿನಲ್ಲಿ ಉಹುದ್‌ಗೆ ಹೋಗಲು ಪ್ರವಾದಿ(ಸ) ಅನುಮತಿಸಲಿಲ್ಲ. 15ರಲ್ಲಿ ಖಂದಕ್‌ಗೆ ಅನುಮತಿಸಿದರು. ಆ 'ಬೇಡ' ಶಾಶ್ವತವಾದ 'ಬೇಡ' ಆಗಿರಲಿಲ್ಲ. ನಮ್ಮದೂ ಹಾಗಿರಲಿ.

ಕಳುಹಿಸುವುದಾದರೆ ಕೆಲವು ಮಾತು ಮೊದಲೇ ಇತ್ಯರ್ಥವಾಗಲಿ. ಬಸ್ಸಿನಲ್ಲೋ ರೈಲಿನಲ್ಲೋ ಹೋಗಲಿ. ಹದಿನೆಂಟಾಗದ ಮಗನ ಕೈಗೆ ಬೈಕಿನ ಕೀಲಿ ಕೊಡಲೇಬೇಡಿ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ ಇದಕ್ಕೆ ಪಾಲಕರಿಗೇ 3 ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡವಿದೆ. ಅದಕ್ಕಿಂತ ದೊಡ್ಡದು, ಹೆದ್ದಾರಿಯಲ್ಲಿ ಹೋದ ಜೀವ ಮರಳಿ ಬಾರದು. ಈಜು ಬಾರದವನು ಆಳದ ನೀರಿಗೆ ಇಳಿಯದಿರಲಿ, ಸಿಬ್ಬಂದಿಯ ಮಾತು ಮೀರದಿರಲಿ. ನೀರಿನ ಉಡುಪಿನಲ್ಲೂ ಔರತ್ ಮುಚ್ಚಿರಲಿ. ಝುಹ್ರ್, ಅಸರ್ ಎಲ್ಲಿ ಮಾಡುವುದೆಂದು ಹೊರಡುವ ಮುನ್ನವೇ ಗೊತ್ತು ಮಾಡಿಕೊಳ್ಳಲಿ. ತುರ್ತು ಸಂಖ್ಯೆ 112, ಮಕ್ಕಳ ಸಹಾಯವಾಣಿ 1098 ಬಾಯಿಪಾಠವಿರಲಿ.

ಆದರೆ ಕಷ್ಟ ಬಂದಾಗ ಮಗ ಮೊದಲು ಯಾರಿಗೆ ಫೋನ್ ಮಾಡುತ್ತಾನೆ? ಬೈಗುಳಕ್ಕೆ ಹೆದರುವವನು ಅಬ್ಬಾನಿಗೆ ಮಾಡುವುದಿಲ್ಲ. ಬಾಲಕ ಅನಸ್(ರ) ಅವರನ್ನು ಪ್ರವಾದಿ(ಸ) ಒಂದು ಕೆಲಸಕ್ಕೆ ಕಳುಹಿಸಿದ್ದರು. ಅವರು ದಾರಿಯಲ್ಲಿ ಹುಡುಗರ ಆಟದ ಬಳಿ ನಿಂತುಬಿಟ್ಟರು. ಹಿಂದಿನಿಂದ ಯಾರೋ ಕತ್ತು ಹಿಡಿದಂತಾಗಿ ತಿರುಗಿದರೆ ಪ್ರವಾದಿ(ಸ) ನಗುತ್ತಿದ್ದರು! ಹೇಳಿದ ಕಡೆ ಹೋದೆಯಾ ಎಂದು ಮುದ್ದಿನ ಹೆಸರಿನಿಂದ ಕೇಳಿದರು. ಹುಡುಕಿಕೊಂಡು ಬಂದರು, ವಿಚಾರಿಸಿದರು, ಆದರೆ ನಗುತ್ತಾ. ಅಂಥ ಮನೆಯಲ್ಲಿ ಮಗ ಸುಳ್ಳು ಹೇಳಬೇಕಾಗಿಲ್ಲ.

ಹೆಣ್ಣುಮಕ್ಕಳಿಗೂ ಸಂತೋಷದ ಹಕ್ಕಿದೆ. ಈದ್ ದಿನ ಅಬಿಸೀನಿಯರ ಈಟಿಯಾಟವನ್ನು ಆಯಿಶಾ(ರ) ನೋಡಿ ತಣಿಯುವವರೆಗೆ ಪ್ರವಾದಿ(ಸ) ಜೊತೆಗೇ ನಿಂತಿದ್ದರು. ಮಗನಿಗೆ ಎಲ್ಲವೂ ಸರಿ, ಮಗಳಿಗೆ ಏನೂ ಬೇಡ ಎಂಬುದು ನ್ಯಾಯವಲ್ಲ. ವರ್ಷಕ್ಕೊಮ್ಮೆಯಾದರೂ ಕುಟುಂಬವಾಗಿ ಅವಳನ್ನು ಕರೆದೊಯ್ಯಿರಿ. ದೃಷ್ಟಿ ತಗ್ಗಿಸುವ ಆಜ್ಞೆ ಸೂರಃ ಅನ್ನೂರ್‌ನಲ್ಲಿ ಮೊದಲು ಬಂದಿರುವುದು ಗಂಡಸರಿಗೆ ಎಂಬುದನ್ನು ಮಗನಿಗೂ ಕಲಿಸಿ.

ಅಲ್ಲಾಹನು ನಮ್ಮ ಮಕ್ಕಳನ್ನು ಮನೆಯೊಳಗೂ ಹೊರಗೂ ಕಾಪಾಡಲಿ, ಅವರು ನಿಜ ಹೇಳಬಲ್ಲಂಥ ತಂದೆ-ತಾಯಿಯರನ್ನಾಗಿ ನಮ್ಮನ್ನು ಮಾಡಲಿ. ಆಮೀನ್.