ಒಂದು ಲೋಟ ಕಾಫಿಯ ಹಿಂದಿನ ಕೈಗಳು
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಬೆಳಗಾದರೆ ನಮ್ಮಲ್ಲಿ ಎಷ್ಟೋ ಮಂದಿ ಮೊದಲು ಮುಟ್ಟುವುದು ಕಾಫಿ ಫಿಲ್ಟರನ್ನು. ಗಿರಾಕಿಯ ಮುಂದೆ ಲೋಟವಿಟ್ಟರೆ ನಮ್ಮ ಕೆಲಸ ತೀರಿತು. ಅದು ಮೇಜಿಗೆ ಬರುವ ಮುಂಚೆ ಎಷ್ಟು ಕೈ ದಾಟಿತೆಂದು ಯೋಚಿಸಲು ಪುರಸೊತ್ತೆಲ್ಲಿ? ಇಂದು ಆ ಕೈಗಳ ಮಾತನ್ನೇ ಆಡೋಣ. ಯುದ್ಧ ಬಿದ್ದ ಬಡ ದೇಶದಲ್ಲಿ ವ್ಯಾಪಾರದ ಸರಪಳಿ ಎಲ್ಲಿ ಕಡಿಯುತ್ತದೆ, ಕಡಿದದ್ದನ್ನು ಕೂಡಿಸುವವರು ಯಾರು ಎಂಬುದೇ ವಿಷಯ. ದೇಶ ಯೆಮೆನ್.

ಯೆಮೆನ್ ನಮಗೆ ತೀರ ಪರಕೀಯವಲ್ಲ. ಬಾಬಾ ಬುಡನ್ ಅವರು ಏಳು ಕಾಫಿ ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂದು ಹಿರಿಯರು ಹೇಳುತ್ತಾರಲ್ಲವೇ? ಆ ಬೀಜ ಅಲ್ಲಿಯದು. ಅಲ್ಲಿನ ಮೋಖಾ ಬಂದರಿನ ಹೆಸರನ್ನು ಲೋಕವೆಲ್ಲ ಕಾಫಿಗೇ ಇಟ್ಟುಕೊಂಡಿತು.

ಅಲ್ಲಿ ಹೆಚ್ಚಿನವು ಸಣ್ಣ ಹಿಡುವಳಿಗಳು. ಬೆಟ್ಟವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಒಕ್ಕಲು ಜನ ಗಿಡ ನೆಡುತ್ತಾರೆ. ಹಣ್ಣನ್ನು ಮನೆಯ ಮಾಳಿಗೆಯ ಮೇಲೆ ಒಣಗಿಸುತ್ತಾರೆ. ಊರ ದಲಾಲಿ ಅದನ್ನು ಕೊಂಡು ಪೇಟೆಗೆ ಕೊಡುತ್ತಾನೆ. ಪೇಟೆಯವನು ಬಂದರಿಗೆ ಸಾಗಿಸುತ್ತಾನೆ. ಸರಪಳಿಯೆಂದರೆ ಇಷ್ಟೇ.

2014ರ ಸೆಪ್ಟೆಂಬರಿನಲ್ಲಿ ಹೂತಿ ಪಡೆಗಳು ರಾಜಧಾನಿ ಸನಾವನ್ನು ಹಿಡಿದವು. 2015ರ ಮಾರ್ಚಿನಲ್ಲಿ ಸೌದಿ ಅರೇಬಿಯದ ಮುಂದಾಳುತನದ ಒಕ್ಕೂಟ ವಿಮಾನದಾಳಿಗೆ ತೊಡಗಿತು. ಅಲ್ಲಿಂದ ಮುಂದೆ ಒಂದೊಂದೇ ಕೊಂಡಿ ಕಳಚಿತು. ಪಂಪಿಗೆ ಡೀಸೆಲ್ ಸಿಗದಾಯಿತು. ತಯಿಜ್ ನಗರದ ಹೆದ್ದಾರಿ ಮುಚ್ಚಿ, ಕಾಲು ಗಂಟೆಯ ದಾರಿಗೆ ಐದಾರು ಗಂಟೆ ಬೆಟ್ಟ ಸುತ್ತಬೇಕಾಯಿತು. ಆ ದಾರಿ ಮತ್ತೆ ತೆರೆದದ್ದು 2024ರಲ್ಲಿ. 2016ರಲ್ಲಿ ಸರಕಾರವು ಕೇಂದ್ರ ಬ್ಯಾಂಕನ್ನು ಸನಾದಿಂದ ಏಡನ್‌ಗೆ ಒಯ್ದಿತು. 2019ರ ಕೊನೆಗೆ ಹೊಸ ನೋಟುಗಳನ್ನು ಹೂತಿಗಳು ತಮ್ಮ ಸೀಮೆಯಲ್ಲಿ ನಿಷೇಧಿಸಿದರು. ಒಂದೇ ದೇಶ, ಆದರೆ ರಿಯಾಲಿಗೆ ಎರಡು ಬೆಲೆ! ಗಡಿ ದಾಟಿದ ಮೂಟೆಯ ಹಣ ಎಷ್ಟಾಗಿ ಕೈಸೇರೀತೆಂದು ರೈತ ಹೇಗೆ ಲೆಕ್ಕ ಹಾಕಬೇಕು?

ಇದೇ ಬೆಟ್ಟಗಳಲ್ಲಿ ಖಾತ್ ಎಂಬ ಇನ್ನೊಂದು ಗಿಡವಿದೆ. ಅದರ ಎಲೆಯನ್ನು ಅಲ್ಲಿನವರು ಅಮಲಿಗಾಗಿ ಅಗಿಯುತ್ತಾರೆ. ಎಲೆ ಹಸಿಯಾಗಿರುವಾಗಲೇ ಹತ್ತಿರದ ಸಂತೆಯಲ್ಲಿ ಮಾರಿ, ಸಂಜೆಗೆ ನಗದು ಎಣಿಸಬಹುದು. ಅದಕ್ಕೆ ಹಡಗು ಬೇಡ, ಬ್ಯಾಂಕು ಬೇಡ. ಕಾಫಿಯಾದರೋ ನೆಟ್ಟು ಮೂರು ನಾಲ್ಕು ವರ್ಷ ಕಾಯಬೇಕು; ಆಮೇಲೂ ಕಡಲಾಚೆಯ ಗಿರಾಕಿಯನ್ನು ನಂಬಬೇಕು. ಬಂಧುಗಳೇ, ನಂಬಿಕೆ ಸತ್ತ ಕಡೆ ಉದ್ದ ಸರಪಳಿಯ ಬೆಳೆ ಸೋಲುತ್ತದೆ, ಗಿಡ್ಡ ಸರಪಳಿಯ ಬೆಳೆ ಗೆಲ್ಲುತ್ತದೆ. ರೈತನನ್ನು ಬೈದು ಫಲವಿಲ್ಲ. ಮಕ್ಕಳ ಹೊಟ್ಟೆ ಕಾಯುವುದಿಲ್ಲ.

ಆದರೂ ಯೆಮೆನ್ ಕಾಫಿ ನಿಂತುಹೋಗಲಿಲ್ಲ. ಅದನ್ನು ಉಳಿಸಿದ್ದು ಏನು? ಸಿಪ್ಪೆಯೊಡನೆ ಒಣಗಿದ ಹಣ್ಣು ಬಹುಕಾಲ ಕೆಡದು. ದಾರಿ ಮುಚ್ಚಿದಾಗ ಮನೆಯ ಕೋಣೆಯೇ ಉಗ್ರಾಣವಾಯಿತು. ಒಂದು ಬಂದರು ಕೆಟ್ಟರೆ ಇನ್ನೊಂದನ್ನು ಹುಡುಕಿದರು. ಯೆಮೆನ್ ಮೂಲದ ಅಮೆರಿಕನ್ ವರ್ತಕ ಮುಖ್ತಾರ್ ಅಲ್‌ಖನ್‌ಶಾಲಿ 2015ರಲ್ಲಿ ಬಾಂಬುಗಳ ನಡುವೆ ಮೋಖಾ ತಲಪಿ, ಮಾದರಿ ಬೀಜಗಳ ಪೆಟ್ಟಿಗೆಯೊಡನೆ ಸಣ್ಣ ದೋಣಿಯಲ್ಲಿ ಜಿಬೂಟಿಗೆ ದಾಟಿದರು. ಎಲ್ಲಕ್ಕೂ ಮಿಗಿಲಾದುದು ಮುಂಗಡ ಹಣ. ಒಳ್ಳೆಯ ಹಣ್ಣಿಗೆ ಒಳ್ಳೆಯ ಬೆಲೆಯನ್ನು ಹೊತ್ತಿಗೆ ಸರಿಯಾಗಿ ಕೊಟ್ಟ ಕಡೆ ರೈತ ಗಿಡ ಕೀಳಲಿಲ್ಲ. ಹರಾಝ್ ಎಂಬ ಬೆಟ್ಟಸೀಮೆಯಲ್ಲಿ ಖಾತನ್ನೇ ಕಿತ್ತು ಕಾಫಿ ನೆಟ್ಟವರೂ ಉಂಟು.

ಈ ಕಷ್ಟ ನಮ್ಮನ್ನು ಮುಟ್ಟದೆ ಬಿಟ್ಟಿಲ್ಲ. 2023ರ ನವೆಂಬರಿನಿಂದ ಕೆಂಪು ಸಮುದ್ರದಲ್ಲಿ ಹೂತಿಗಳು ಹಡಗುಗಳ ಮೇಲೆ ಬಿದ್ದಾಗ, ಬಹಳ ಹಡಗುಗಳು ಆಫ್ರಿಕವನ್ನೇ ಬಳಸಿ ಹೋದವು. ಭಾರತದ ಕಾಫಿಯಲ್ಲಿ ಸುಮಾರು ನೂರಕ್ಕೆ 70 ಪಾಲು ಕರ್ನಾಟಕದ್ದು. ಯುರೋಪಿಗೆ ಹೋಗುವ ಅದರ ದಾರಿಯೂ ಅದೇ. ಬೀಜ ಕೊಟ್ಟ ನಾಡಿನ ಕಡಲಲ್ಲಿಯೇ ಆ ಬೀಜದ ಫಸಲಿಗೆ ದಾರಿಯಿಲ್ಲದಂತಾಯಿತು.

ನಮ್ಮ ಗಿರಣಿಯ ಹಿರಿಯರಿಗೆ ಇದು ಹೊಸ ಪಾಠವಲ್ಲ. ನೂಲು ಕಡಿದರೆ ಯಂತ್ರ ತಾನಾಗಿ ಕೂಡಿಸದು, ಕೈ ಬೇಕು. 1982ರ ಮುಷ್ಕರದಲ್ಲಿ ಮುಂಬಯಿಯ ಗಿರಣಿಗಳು ನಿಂತಾಗ ಖಾನಾವಳಿಯ ಒಲೆಯೂ ಆರಿದ್ದನ್ನು ಕಂಡವರು ಈ ಸಭೆಯಲ್ಲಿದ್ದಾರೆ. ಎಲ್ಲಿ ಕಡಿದರೂ ಮೊದಲು ಉಪವಾಸ ಬೀಳುವುದು ಕೊನೆಯ ಕೈ. ಆದ್ದರಿಂದ ಸರಪಳಿ ಉಳಿಯಬೇಕಾದರೆ ಆ ಕೊನೆಯ ಕೈಗೆ ಮೊದಲು ಕೂಲಿ ಸೇರಬೇಕು. ಯೆಮೆನಿನ ಬೆಟ್ಟಕ್ಕೂ, ನಾವು ದುಡಿಯುವ ಹೋಟೆಲಿನ ಹಿಂದಿನ ಮೋರಿಯ ಬಳಿ ಪಾತ್ರೆ ತೊಳೆಯುವ ಹುಡುಗನಿಗೂ ಇದೇ ನ್ಯಾಯ.

ನಾಳೆ ಲೋಟ ಕೈಗೆತ್ತಿಕೊಂಡಾಗ ಇದನ್ನು ಒಂದು ಗಳಿಗೆ ನೆನೆಯೋಣ.