ಗದ್ದಲದೊಳಗಿನ ದನಿ

(ವಿದ್ಯಾರ್ಥಿ ಪುರಸ್ಕಾರ ಸಮಾರಂಭದಲ್ಲಿ ಮಾಡಿದ ಭಾಷಣದ ಪಠ್ಯ)



ನನಗೆ ಕೊಟ್ಟಿರುವ ವಿಷಯ ‘ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಅವಕಾಶಗಳು’. ಸಾಫ್ಟ್‌ವೇರ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಬೆಂಗಳೂರಿನ ಕಂಪನಿ, ಬೆಳಗಿನ ರೈಲು, ತಿಂಗಳ ಸಂಬಳ. ಅದರಲ್ಲಿ ತಪ್ಪೇನೂ ಇಲ್ಲ, ಮನೆ ನಡೆಯಬೇಕು. ಆದರೆ ಆ ಮಾತು ಹೇಳುವವರು ಈಗ ಊರಿಗೆ ಹತ್ತು ಜನ ಇದ್ದಾರೆ. ಆದ್ದರಿಂದ ಸಂಬಳಕ್ಕೆ ನೇರ ಸಂಬಂಧವಿಲ್ಲದ ಒಂದು ಸಾಫ್ಟ್‌ವೇರ್ ಬಗ್ಗೆ ಹೇಳಲು ಅಪ್ಪಣೆ ಕೊಡಿ. ಅದು ಗುರುತ್ವ ತರಂಗಗಳನ್ನು ಹುಡುಕುವ ಸಾಫ್ಟ್‌ವೇರ್.

ಕುಣಿಗಲ್ ಕೆರೆಗೆ ಕಲ್ಲೆಸೆದರೆ ನೀರಿನಲ್ಲಿ ಅಲೆ ಏಳುತ್ತದೆ. ಭಾರವಾದ ಕಾಯಗಳು ವೇಗವಾಗಿ ಸುತ್ತಿದರೆ ದೇಶ-ಕಾಲದಲ್ಲೇ ಅಲೆ ಏಳಬೇಕೆಂದು ಐನ್‌ಸ್ಟೈನ್ 1916ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಅಂಥ ಅಲೆ ನೇರವಾಗಿ ಸಿಕ್ಕಿದ್ದು 99 ವರ್ಷಗಳ ನಂತರ, 2015ರ ಸೆಪ್ಟೆಂಬರ್ 14ರಂದು. ಅಮೆರಿಕದ ಲಿವಿಂಗ್‌ಸ್ಟನ್ ಮತ್ತು ಹ್ಯಾನ್‌ಫರ್ಡ್ ಎಂಬ ಎರಡು ಊರುಗಳಲ್ಲಿರುವ ‘ಲೈಗೋ’ ಉಪಕರಣಗಳು ಸುಮಾರು 0.2 ಸೆಕೆಂಡಿನ ನಡುಕವೊಂದನ್ನು ದಾಖಲಿಸಿದವು. ಮೊದಲು ಲಿವಿಂಗ್‌ಸ್ಟನ್, ಸುಮಾರು 7 ಮಿಲಿಸೆಕೆಂಡು ಕಳೆದು ಹ್ಯಾನ್‌ಫರ್ಡ್. ಸೂರ್ಯನ 36 ಪಟ್ಟು ಮತ್ತು 29 ಪಟ್ಟು ತೂಕದ ಎರಡು ಕಪ್ಪುಕುಳಿಗಳು ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಒಂದಾಗಿದ್ದವು.

ಈ ಉಪಕರಣಕ್ಕೆ 4 ಕಿಲೋಮೀಟರ್ ಉದ್ದದ ಎರಡು ತೋಳುಗಳಿವೆ. ಅಲೆ ಹಾದುಹೋದಾಗ ಅವುಗಳ ಉದ್ದದಲ್ಲಿ ಆದ ವ್ಯತ್ಯಾಸ ಒಂದು ಪ್ರೋಟಾನಿನ ಅಗಲದ ಸಾವಿರದ ಒಂದು ಪಾಲಿಗಿಂತ ಹೆಚ್ಚೇನಲ್ಲ. ದೂರದಲ್ಲಿ ಹೋಗುವ ಲಾರಿ, ಕಡಲ ತೆರೆ, ಎಲ್ಲೋ ಆದ ಭೂಕಂಪ, ಕನ್ನಡಿಯ ಅಣುಗಳ ಸ್ವಂತ ಬಿಸಿ, ಎಲ್ಲವೂ ಸೇರಿ ಎಬ್ಬಿಸುವ ಗದ್ದಲದಲ್ಲಿ ಇದನ್ನು ಹೆಕ್ಕಬೇಕು. ಯಂತ್ರ ಕೊಡುವುದು ಅಂಕಿಗಳ ರಾಶಿಯನ್ನು ಮಾತ್ರ. ಅಲೆಯನ್ನು ಹೆಕ್ಕುವುದು ಸಾಫ್ಟ್‌ವೇರ್.

ಹೇಗೆ ಹೆಕ್ಕುತ್ತದೆ? ತುಮಕೂರಿನಲ್ಲಿ ಫಜ್ರ್ ಹೊತ್ತಿಗೆ ಎದ್ದವರಿಗೆ ಇದು ಗೊತ್ತಿರುವ ವಿದ್ಯೆಯೇ. ನಾಲ್ಕೈದು ಮಸೀದಿಗಳ ಅಜಾನ್ ಒಂದರ ಮೇಲೊಂದು ಬಂದರೂ ನಿಮ್ಮ ಮೊಹಲ್ಲಾದ ಮುಅಜ್ಜಿನ್ ಸಾಹೇಬರ ದನಿ ಬೇರೆಯಾಗಿ ಕೇಳುತ್ತದೆ. ಆ ದನಿ ಗಟ್ಟಿಯಾಗಿದೆ ಎಂದಲ್ಲ, ಅದರ ಏರಿಳಿತ ನಿಮ್ಮ ಮನಸ್ಸಿನಲ್ಲಿ ಮೊದಲೇ ಅಚ್ಚಾಗಿದೆ. ಲೈಗೋ ಸಾಫ್ಟ್‌ವೇರ್ ಮಾಡುವುದೂ ಇದನ್ನೇ. ಇಂತಿಷ್ಟು ತೂಕದ ಜೋಡಿ ಒಂದಾದರೆ ಅಲೆಯ ಆಕಾರ ಹೀಗಿರಬೇಕು ಎಂದು ಮೊದಲೇ ಲೆಕ್ಕ ಹಾಕಿಟ್ಟುಕೊಂಡು, ಅಂಥ ಸುಮಾರು ಎರಡೂವರೆ ಲಕ್ಷ ಅಚ್ಚುಗಳನ್ನು ಒಂದೊಂದಾಗಿ ಅಂಕಿಗಳ ಮೇಲೆ ಜರುಗಿಸಿ ನೋಡುತ್ತದೆ. ಅಂದು ಮೂರೇ ನಿಮಿಷದಲ್ಲಿ ಎಚ್ಚರಿಕೆ ಕೊಟ್ಟದ್ದು ಅಚ್ಚಿಲ್ಲದೆ ಹುಡುಕುವ ಇನ್ನೊಂದು ಸಾಫ್ಟ್‌ವೇರ್ ಎಂಬುದೂ ನಿಜ. ಆದರೆ ಅದನ್ನು ಗಟ್ಟಿಮಾಡಿ, ತೂಕ ದೂರಗಳನ್ನು ಹೇಳಲು ಅಚ್ಚುಗಳೇ ಬೇಕಾದವು.

ಇಲ್ಲಿ ನಮ್ಮವರ ಹೆಸರುಗಳು ಬರುತ್ತವೆ. ಈ ಅಚ್ಚುಗಳನ್ನು ಎಷ್ಟೆಷ್ಟು ಅಂತರದಲ್ಲಿ ಆರಿಸಬೇಕೆಂಬ ಬಗ್ಗೆ ಬಿ. ಎಸ್. ಸತ್ಯಪ್ರಕಾಶ್ ಮತ್ತು ಸಂಜೀವ ಧುರಂಧರ್ ಪುಣೆಯಲ್ಲಿ ಕುಳಿತು 1991ರಲ್ಲೇ ಪ್ರಬಂಧ ಬರೆದರು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಬಾಲಾ ಅಯ್ಯರ್ ಫ್ರಾನ್ಸಿನ ವಿಜ್ಞಾನಿಗಳ ಜೊತೆ ಸೇರಿ ಅಲೆಯ ಆಕಾರದ ಕಠಿಣ ಲೆಕ್ಕಗಳನ್ನು ವರ್ಷಗಟ್ಟಲೆ ಮಾಡಿದರು. ಇವರೆಲ್ಲರಿಗಿಂತ ಮೊದಲಿನವರು ಸಿ. ವಿ. ವಿಶ್ವೇಶ್ವರ. ಕನ್ನಡದ ಸಾಹಿತಿ ಸಿ. ಕೆ. ವೆಂಕಟರಾಮಯ್ಯನವರ ಮಗ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿದವರು. ಕಪ್ಪುಕುಳಿಯನ್ನು ತಟ್ಟಿದರೆ ಅದು ಗಂಟೆಯಂತೆ ಮಿಡಿದು ಬೇಗನೆ ಅಡಗುತ್ತದೆ ಎಂದು 1970ರಲ್ಲಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಿದರು. ಆಗ ಕಪ್ಪುಕುಳಿ ಇದೆಯೆಂದು ನಂಬುವವರೇ ಕಡಿಮೆ. ಬೆಂಗಳೂರಿನ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರೂ ಅವರೇ. 2016ರ ಫೆಬ್ರವರಿ 11ರಂದು ಲೈಗೋ ಫಲಿತಾಂಶ ಪ್ರಕಟವಾದಾಗ ಅವರಿಗೆ 77 ವರ್ಷ. ಮರು ಜನವರಿಯಲ್ಲಿ ತೀರಿಕೊಂಡರು. 46 ವರ್ಷ ಕಾದ ಲೆಕ್ಕ ಅವರ ಕಣ್ಣ ಮುಂದೆಯೇ ತಾಳೆಯಾಯಿತು. ಇಂದು ಹೆಸರಘಟ್ಟದ ಕಡೆ ಶಿವಕೋಟೆಯಲ್ಲಿರುವ ಐಸಿಟಿಎಸ್ ಸಂಸ್ಥೆಯಲ್ಲಿ ಪಿ. ಅಜಿತ್ ಮತ್ತು ಅವರ ತಂಡ ಈ ಕೆಲಸ ಮಾಡುತ್ತದೆ. ಅಲೆಯ ಮೊದಲ ಭಾಗ ಹೇಳುವ ತೂಕಕ್ಕೂ ಕೊನೆಯ ಮಿಡಿತ ಹೇಳುವ ತೂಕಕ್ಕೂ ಹೊಂದಾಣಿಕೆ ಇದೆಯೇ ಎಂದು ನೋಡುವ ಪರೀಕ್ಷೆ ಅವರದು. ತುಮಕೂರಿನಿಂದ ನೆಲಮಂಗಲ ದಾಟಿದರೆ ಆ ಜಾಗ ದೂರವೇನಲ್ಲ.

ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಬೇರೆ. ಈ ಸಾಫ್ಟ್‌ವೇರಿನ ದೊಡ್ಡ ಭಾಗ ಸಿಕ್ಕಿದ್ದನ್ನು ಅನುಮಾನಿಸಲಿಕ್ಕೆಂದೇ ಬರೆದದ್ದು. ಒಂದು ಉಪಕರಣದ ದಾಖಲೆಯನ್ನು ಬೇಕೆಂದೇ ಸ್ವಲ್ಪ ಹಿಂದುಮುಂದು ಜರುಗಿಸುತ್ತಾರೆ. ಹಾಗೆ ಜರುಗಿಸಿದ ಮೇಲೆ ಎರಡೂ ಕಡೆ ಒಟ್ಟಿಗೆ ಏನಾದರೂ ಕಂಡರೆ ಅದು ಖಂಡಿತ ಕಾಕತಾಳೀಯ. 16 ದಿನಗಳ ದಾಖಲೆಯನ್ನು ಹೀಗೆ ಲಕ್ಷಾಂತರ ಸಲ ಜರುಗಿಸಿ ಎಣಿಸಿದರು. ಅಂಥ ಬಲದ ಕಾಕತಾಳೀಯ 2,03,000 ವರ್ಷಗಳಿಗೆ ಒಂದು ಸಲಕ್ಕಿಂತಲೂ ಅಪರೂಪ ಎಂದು ಲೆಕ್ಕ ಬಂದ ಮೇಲೆಯೇ ಬಾಯಿ ಬಿಟ್ಟರು. ಅದಕ್ಕೂ ಹಿಂದೆ, 2010ರ ಸೆಪ್ಟೆಂಬರಿನಲ್ಲಿ, ಒಂದು ಒಳ್ಳೆಯ ಅಲೆ ಕಂಡಿತ್ತು. ನೂರಾರು ವಿಜ್ಞಾನಿಗಳು ಆರು ತಿಂಗಳು ದುಡಿದು ಪ್ರಬಂಧವನ್ನೂ ಸಿದ್ಧಪಡಿಸಿದರು. 2011ರ ಮಾರ್ಚಿನಲ್ಲಿ ಮುಚ್ಚಿದ ಲಕೋಟೆ ಒಡೆದಾಗ ತಿಳಿಯಿತು: ತಂಡವನ್ನು ಪರೀಕ್ಷಿಸಲು ಅವರದೇ ಕೆಲವರು ಗುಟ್ಟಾಗಿ ಸೇರಿಸಿದ್ದ ನಕಲಿ ಅಲೆ ಅದು. ಇಂಥ ಪರೀಕ್ಷೆ ನಡೆಯಬಹುದೆಂದು ಎಲ್ಲರೂ ಮೊದಲೇ ಒಪ್ಪಿದ್ದರು.

ಇಲ್ಲಿ ಒಂದು ಮಾತು, ಮನೆಯವರೊಳಗಿನ ಮಾತು ಎಂದು ತಿಳಿಯಿರಿ. ಇಂಥ ಶೋಧ ಬಂದ ವಾರದಲ್ಲೇ ‘ಇದು ನಮ್ಮ ಗ್ರಂಥದಲ್ಲಿ ಆಗಲೇ ಇತ್ತು’ ಎಂಬ ಸಂದೇಶಗಳು ಮೊಬೈಲಿಗೆ ಬರುತ್ತವೆ. ಎಲ್ಲ ಸಮುದಾಯಗಳಲ್ಲೂ ಬರುತ್ತವೆ. ಅಲ್ಲಾಹನ ಕಲಾಮಿಗೆ ಪ್ರಯೋಗಾಲಯದ ಸರ್ಟಿಫಿಕೇಟು ಬೇಕಿಲ್ಲ. ಹಾಗೆ ಹೇಳಿಬಿಟ್ಟರೆ ನಮ್ಮ ಮಕ್ಕಳಿಗೆ ಲೆಕ್ಕ ಮಾಡುವ ಕೆಲಸವೇ ಉಳಿಯುವುದಿಲ್ಲ. ಒಂಬತ್ತನೆಯ ಶತಮಾನದ ಬಗ್ದಾದಿನ ಅಲ್-ಖ್ವಾರಿಜ್ಮಿ ಕುಳಿತು ಲೆಕ್ಕ ಮಾಡಿದರು. ಅವರ ಹೆಸರಿನಿಂದಲೇ ‘ಅಲ್ಗಾರಿದಮ್’ ಎಂಬ ಪದ ಬಂತು, ಅವರ ಗ್ರಂಥದ ‘ಅಲ್-ಜಬ್ರ್’ನಿಂದ ‘ಆಲ್ಜೀಬ್ರ’ ಬಂತು. ಅವರ ಹೆಸರನ್ನು ನಾವು ಭಾಷಣಗಳಲ್ಲಿ ಬಹಳ ಹೇಳುತ್ತೇವೆ, ಈಗ ನಾನೂ ಹೇಳಿದೆ. ಆದರೆ ಹತ್ತನೆಯ ತರಗತಿಯಲ್ಲಿ ಗಣಿತದಲ್ಲಿ 90 ತೆಗೆದ ಹುಡುಗಿಗೆ ‘ಇನ್ನು ಗಣಿತ ಯಾಕಮ್ಮ, ಸುಲಭದ್ದು ತೆಗೆದುಕೋ’ ಎನ್ನುವವರೂ ನಾವೇ. ಇಂದು ವೇದಿಕೆಗೆ ಬಂದವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಅವರಲ್ಲಿ ಎಷ್ಟು ಜನ ಪಿಯುಸಿಯಲ್ಲಿ ಗಣಿತ ಉಳಿಸಿಕೊಳ್ಳುತ್ತಾರೆ ಎಂದು ಮುಂದಿನ ವರ್ಷ ಸಂಘದವರು ಎಣಿಸಬೇಕೆಂದು ನನ್ನ ಕೋರಿಕೆ.

‘ಇದರಿಂದ ಕೆಲಸ ಸಿಗುತ್ತದೆಯೇ?’ ಎಂದು ತಂದೆಯವರು ಕೇಳುತ್ತಾರೆ, ಕೇಳಬೇಕಾದ ಪ್ರಶ್ನೆಯೇ. ಅಚ್ಚು ಜರುಗಿಸಿ ಹುಡುಕುವ ಈ ಗಣಿತ ಮೊದಲು ಬೆಳೆದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ, ರೇಡಾರ್‌ಗಾಗಿ. ಇಂದಿನ ಮೊಬೈಲ್ ಸಂಪರ್ಕದಲ್ಲೂ ಅದರ ಬಳಕೆ ಇದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಹೆಲಿಕಾಪ್ಟರಿನ ಗೇರ್‌ಬಾಕ್ಸ್ ಕೆಡುವ ಮೊದಲೇ ಅದರ ಕಂಪನದ ಗದ್ದಲದಲ್ಲಿ ದೋಷದ ದನಿಯನ್ನು ಹಿಡಿಯುವುದೂ ಇದೇ ಜಾತಿಯ ವಿದ್ಯೆ. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಲೈಗೋ-ಇಂಡಿಯಾ ಕಟ್ಟಲು ಕೇಂದ್ರ ಸಂಪುಟ 2023ರ ಏಪ್ರಿಲ್‌ನಲ್ಲಿ ಸುಮಾರು 2,600 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿದೆ. ಅದಕ್ಕೂ ಜನ ಬೇಕು.

ಬಡತನದ ಮಾತಿಗೂ ಇಲ್ಲಿ ಉತ್ತರ ಇದೆ. ಈ ಸಾಫ್ಟ್‌ವೇರುಗಳ ಮೂಲ ಬರಹ ಎಲ್ಲರಿಗೂ ತೆರೆದಿದೆ. ‘ಪೈಸಿಬಿಸಿ’ ಎಂಬುದನ್ನು ದುಡ್ಡು ಕೊಡದೆ ಇಳಿಸಿಕೊಳ್ಳಬಹುದು. 2005ರಲ್ಲಿ ಆರಂಭವಾದ ‘ಐನ್‌ಸ್ಟೈನ್ ಅಟ್ ಹೋಮ್’ ಯೋಜನೆ ಜನಸಾಮಾನ್ಯರ ಮನೆಯ ಕಂಪ್ಯೂಟರುಗಳ ಬಿಡುವಿನ ಹೊತ್ತನ್ನೇ ಈ ಹುಡುಕಾಟಕ್ಕೆ ಬಳಸಿತು. 2010ರಲ್ಲಿ ರೇಡಿಯೋ ದೂರದರ್ಶಕದ ದಾಖಲೆಗಳಲ್ಲಿ ಹೊಸದೊಂದು ಪಲ್ಸಾರ್ ನಕ್ಷತ್ರ ಸಿಕ್ಕಿದ್ದು ಅಂಥ ಮನೆಗಳ ಕಂಪ್ಯೂಟರುಗಳಲ್ಲೇ. ಇನ್ನು 2015ರ ಸೆಪ್ಟೆಂಬರ್ 14ರ ದಾಖಲೆಯೂ ಸಾರ್ವಜನಿಕವಾಗಿದೆ. ಆ ಅಲೆಯ ಆಚೀಚೆಯ 32 ಸೆಕೆಂಡಿನ ಕಡತ, ಸೆಕೆಂಡಿಗೆ 4,096ರಂತೆ 1,31,072 ಅಂಕಿಗಳು. ಸಾಧಾರಣ ಕಾಲೇಜಿನ ಹಳೆಯ ಕಂಪ್ಯೂಟರಿನಲ್ಲೂ ತೆರೆಯುತ್ತದೆ. ಪೈಥಾನ್ ಕಲಿತ ಎರಡನೆಯ ಪಿಯುಸಿ ವಿದ್ಯಾರ್ಥಿ, ಗದ್ದಲ ಸೋಸುವ ಕ್ರಮವನ್ನು ಯಾರಾದರೂ ತೋರಿಸಿಕೊಟ್ಟರೆ, ಆ 0.2 ಸೆಕೆಂಡನ್ನು ತಾನೇ ಹುಡುಕಿ ತೆಗೆಯಬಹುದು. ಕಡತವನ್ನು ಪೆನ್‌ಡ್ರೈವಿನಲ್ಲಿ ತಂದಿದ್ದೇನೆ. ಊಟದ ನಂತರ ಆಸಕ್ತಿ ಇರುವವರು ಇಲ್ಲೇ ಮೊದಲ ಸಾಲಿಗೆ ಬನ್ನಿ.