ದೇಶರಕ್ಷಣೆಯ ಬಾಹ್ಯಾಕಾಶದಲ್ಲಿ ಒಬ್ಬ ಇಂಜಿನಿಯರ್



ದೇಶರಕ್ಷಣೆಯ ಉಪಗ್ರಹಗಳನ್ನು ರೂಪಿಸುವ ಇಂಜಿನಿಯರ್ ಆಗಬೇಕೆಂಬ ಆಸೆ ನಿಮ್ಮಲ್ಲಿ ಕೆಲವರಿಗೆ ಇರಬಹುದು. ಅದಕ್ಕೆ ಗಣಿತ, ಭೌತಶಾಸ್ತ್ರ ಬೇಕೆಂದು ನಿಮಗೆ ಗೊತ್ತೇ ಇದೆ. ಇನ್ನೇನು ಬೇಕು? ಅಮೆರಿಕದ ವಾಯುಪಡೆಯ ಜನರಲ್ ಬರ್ನಾರ್ಡ್ ಶ್ರೀವರ್ ಅವರ ಜೀವನದಲ್ಲಿ ಉತ್ತರ ಹುಡುಕೋಣ.

1910ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಶ್ರೀವರ್ 1917ರಲ್ಲಿ ಅಮೆರಿಕಕ್ಕೆ ಬಂದರು. ಮರುವರ್ಷವೇ ತಂದೆ ಅಪಘಾತದಲ್ಲಿ ತೀರಿಕೊಂಡರು. ತಾಯಿ ಸ್ಯಾಂಡ್‌ವಿಚ್ ಮಾರಿ ಮಕ್ಕಳನ್ನು ಬೆಳೆಸಿದರು. ಶ್ರೀವರ್ 1931ರಲ್ಲಿ ಪದವಿ ಪಡೆದು ವಿಮಾನಚಾಲಕರಾದರು. 1942ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದರು. 1954ರಲ್ಲಿ ಖಂಡಾಂತರ ಕ್ಷಿಪಣಿಗಳ ಹೊಣೆ ಅವರ ಹೆಗಲೇರಿತು.

ಸಮಯ ಕಡಿಮೆಯಿತ್ತು. ಆದ್ದರಿಂದ ಇಂಜಿನ್, ಮಾರ್ಗದರ್ಶನ ವ್ಯವಸ್ಥೆ, ಉಡಾವಣಾ ನೆಲೆ ಎಲ್ಲವನ್ನೂ ಏಕಕಾಲಕ್ಕೆ ಸಿದ್ಧಪಡಿಸುವ ಕ್ರಮವನ್ನು ಅವರು ತಂದರು. ಹೀಗೆ ಮಾಡಿದಾಗ ಒಂದು ಕಡೆಯ ತಪ್ಪು ಎಲ್ಲ ಕಡೆಗೂ ತಟ್ಟುತ್ತದೆ. ಅದಕ್ಕಾಗಿ ಅವರು ತಿಂಗಳಿಗೊಂದು ಸಭೆ ನಡೆಸುತ್ತಿದ್ದರು. ಅದಕ್ಕೆ 'ಕಪ್ಪು ಶನಿವಾರ' ಎಂದೇ ಹೆಸರು. ಅಲ್ಲಿ ಹೇಳಬೇಕಾದದ್ದು ಸಾಧನೆಯನ್ನಲ್ಲ, ತೊಡಕುಗಳನ್ನು.

ಈ ಅಭ್ಯಾಸದ ಬೆಲೆ 'ಕರೋನಾ' ಬೇಹುಗಾರಿಕೆ ಉಪಗ್ರಹ ಯೋಜನೆಯಲ್ಲಿ ತಿಳಿಯಿತು. ಸಿಐಎ ಮತ್ತು ವಾಯುಪಡೆ ಕೂಡಿ ನಡೆಸಿದ ಯೋಜನೆಯದು. ಉಪಗ್ರಹ ತೆಗೆದ ಚಿತ್ರಗಳ ಫಿಲ್ಮು ಒಂದು ಪೆಟ್ಟಿಗೆಯಲ್ಲಿ ಪ್ಯಾರಾಚೂಟಿನಿಂದ ಇಳಿಯಬೇಕು. ವಿಮಾನವೊಂದು ಅದನ್ನು ಗಾಳಿಯಲ್ಲೇ ಕೊಕ್ಕೆಯಿಂದ ಹಿಡಿಯಬೇಕು! ನಮ್ಮ ಸ್ಟುಡಿಯೋದಲ್ಲಿ ಕ್ಯಾಮೆರಾ ಕೆಟ್ಟರೆ ಇನ್ನೊಂದನ್ನು ತರಿಸುತ್ತೇವೆ. ಕಕ್ಷೆಯಲ್ಲಿ ಕೆಟ್ಟದ್ದನ್ನು ಆಗ ಯಾರು ಸರಿಪಡಿಸಬೇಕು? 1959ರ ಫೆಬ್ರವರಿಯಿಂದ 1960ರ ಜೂನ್‌ವರೆಗೆ 12 ಉಪಗ್ರಹಗಳ ಉಡಾವಣೆಯಾದರೂ ಒಂದು ಪೆಟ್ಟಿಗೆಯೂ ಕೈಗೆ ಸಿಗಲಿಲ್ಲ. ಒಮ್ಮೆ ರಾಕೆಟ್, ಇನ್ನೊಮ್ಮೆ ಕ್ಯಾಮೆರಾ ಕೈಕೊಟ್ಟಿತು. ನಿರ್ವಾತದಲ್ಲಿ ಅಸಿಟೇಟ್ ಫಿಲ್ಮು ತುಂಡಾಗುತ್ತಿತ್ತು. ಅದರ ಬದಲು ಪಾಲಿಯೆಸ್ಟರ್ ಫಿಲ್ಮನ್ನು ಬಳಸಲಾಯಿತು. ಪ್ರತಿ ಸೋಲಿನ ಕಾರಣವನ್ನೂ ಹುಡುಕಿ ತಿದ್ದಿದರು. 1960ರ ಆಗಸ್ಟ್ 19ರಂದು, 14ನೆಯ ಉಪಗ್ರಹದ ಪೆಟ್ಟಿಗೆಯನ್ನು ವಿಮಾನವೊಂದು ಗಾಳಿಯಲ್ಲೇ ಹಿಡಿಯಿತು. ಅದುವರೆಗಿನ ಎಲ್ಲ ಯು-2 ವಿಮಾನ ಹಾರಾಟಗಳಿಗಿಂತ ಹೆಚ್ಚು ಸೋವಿಯತ್ ಭೂಭಾಗದ ಚಿತ್ರಗಳು ಆ ಒಂದೇ ಪೆಟ್ಟಿಗೆಯಲ್ಲಿದ್ದವು.

ಫಲವೇನು? ಸೋವಿಯತ್ ಒಕ್ಕೂಟದಲ್ಲಿ ನೂರಾರು ಖಂಡಾಂತರ ಕ್ಷಿಪಣಿಗಳು ಬೇಗನೆ ಸಿದ್ಧವಾಗಲಿವೆ ಎಂಬ ಭಯ ಅಮೆರಿಕದಲ್ಲಿ ಹರಡಿತ್ತು. ಚಿತ್ರಗಳನ್ನು ನೋಡಿದ ಮೇಲೆ, 1961ರ ಸೆಪ್ಟೆಂಬರ್‌ನಲ್ಲಿ, ಆ ಅಂದಾಜು 10ರಿಂದ 25ಕ್ಕೆ ಇಳಿಯಿತು. ವಿನಾಶದ ಕ್ಷಿಪಣಿಗಳನ್ನು ಕಟ್ಟಿದವರೇ ಭಯವನ್ನು ತಗ್ಗಿಸುವ ಕಣ್ಣನ್ನೂ ಕಟ್ಟಿದರು. ಈ ವೃತ್ತಿಯ ಎರಡೂ ಮುಖಗಳನ್ನು ನೀವು ತಿಳಿದಿರಬೇಕು.

ಇನ್ನೊಂದು ಮಾತು. ಈ ಯೋಜನೆಯ ಗುಟ್ಟು ರಟ್ಟಾದದ್ದು 1995ರಲ್ಲಿ, ಸರ್ಕಾರವೇ ಬಹಿರಂಗಪಡಿಸಿದಾಗ. ಅಲ್ಲಿಯವರೆಗೆ ಅದರಲ್ಲಿ ದುಡಿದವರು ಮನೆಯವರ ಮುಂದೆಯೂ ಬಾಯಿ ಬಿಡುವಂತಿರಲಿಲ್ಲ. ಚಪ್ಪಾಳೆ ಬಯಸುವವರಿಗೆ ಈ ದಾರಿ ಕಷ್ಟ.

ಇದು ದೂರದ ದೇಶದ ಕಥೆ ಮಾತ್ರವಲ್ಲ. ನಮ್ಮ ನೌಕಾಪಡೆಗಾಗಿ 2013ರಲ್ಲಿ ಹಾರಿದ ಜಿಸ್ಯಾಟ್-7 ಸಂಪರ್ಕ ಉಪಗ್ರಹ ಇಸ್ರೋದ ಕೊಡುಗೆ. ಇಸ್ರೋದ ಕೇಂದ್ರ ಕಚೇರಿ ಇರುವುದು ನಮ್ಮ ಬೆಂಗಳೂರಿನಲ್ಲೇ. ನಾಳೆ ಅಂಥ ಕೆಲಸಕ್ಕೆ ನೀವೂ ಸೇರಬಹುದು. ಅದರ ಅಭ್ಯಾಸವನ್ನು ಇಂದೇ ಆರಂಭಿಸಿ. ಪ್ರಯೋಗಶಾಲೆಯಲ್ಲಿ ಉತ್ತರ ತಪ್ಪಿ ಬಂದರೆ ಪಕ್ಕದವರ ಅಂಕಿಗಳನ್ನು ನಕಲು ಮಾಡಬೇಡಿ. ಬಂದದ್ದನ್ನೇ ಬರೆಯಿರಿ, ಏಕೆ ಹಾಗೆ ಬಂತೆಂದು ಗುರುಗಳನ್ನು ಕೇಳಿ. ನಿಮ್ಮ ಮೊದಲ 'ಕಪ್ಪು ಶನಿವಾರ' ಅದೇ.